ಕಾರು ರಾತ್ರಿ ಎಲ್ಲಿ ಮಲಗುತ್ತದೆ? ವೀಸಾದ ಮೇಲೆ ಹೊರದೇಶದಲ್ಲಿರುವವರ ವಿಮೆ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಡವಿರುವುದು ಒಂದೇ ಪದಕ್ಕೆ: ರೆಸಿಡೆಂಟ್, ಅಂದರೆ ನಿವಾಸಿ. ಈ ಪದಕ್ಕೆ ವಲಸೆ ಇಲಾಖೆಯಲ್ಲಿ ಒಂದು ಅರ್ಥ, ತೆರಿಗೆ ಇಲಾಖೆಯಲ್ಲಿ ಇನ್ನೊಂದು, ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಮತ್ತೊಂದು. ವಿಮಾ ಕಂಪನಿಯ ಅರ್ಥ ಈ ಮೂರಕ್ಕೂ ಬೇರೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಯಾರು ಓಡಿಸುತ್ತಾರೆ, ಅವರ ಲೈಸೆನ್ಸ್ ಆ ದಿನ ಆ ರಸ್ತೆಗೆ ಸಲ್ಲುತ್ತದೆಯೇ, ಇಷ್ಟೇ ಅದಕ್ಕೆ ಬೇಕಾದದ್ದು. ವೀಸಾದ ಹೆಸರನ್ನು ಅದು ಕೇಳುವುದು ಕಡಿಮೆ. ಆದರೆ ವೀಸಾದ ತಾರೀಖು ಲೈಸೆನ್ಸ್ ಮೂಲಕ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಎಡವಟ್ಟಾಗುವುದು ಅಲ್ಲಿಯೇ.

ಪ್ರಶ್ನೆ: ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದುತ್ತಿದ್ದೇನೆ. ತೆರಿಗೆ ಲೆಕ್ಕದಲ್ಲಿ ನಾನು ನಾನ್-ರೆಸಿಡೆಂಟ್. ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ನಿವಾಸಿ ಅಲ್ಲದವನಿಗೆ ವಿಮೆ ಕೊಡುತ್ತಾರೆಯೇ? ಎಸ್‌ಎಸ್‌ಎನ್ (ಸಾಮಾಜಿಕ ಭದ್ರತಾ ಸಂಖ್ಯೆ) ಕೂಡ ಇಲ್ಲ.

ಕೊಡುತ್ತಾರೆ. ಎಫ್-1 ವಿದ್ಯಾರ್ಥಿಗಳು ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಗೆ ಸಾಮಾನ್ಯವಾಗಿ ನಾನ್-ರೆಸಿಡೆಂಟ್ ಆಗಿಯೇ ಇರುತ್ತಾರೆ. ಕಾರಿಗೂ ಅದಕ್ಕೂ ಸಂಬಂಧವಿಲ್ಲ. ಕಾರು ವಿಮೆ ಅಲ್ಲಿ ಕೇಂದ್ರದ ವಿಷಯವಲ್ಲ, ಒಂದೊಂದು ರಾಜ್ಯಕ್ಕೂ ಒಂದೊಂದು ಕಾನೂನು. ಆದ್ದರಿಂದ ನಿಮ್ಮ ವಿಮೆಯನ್ನು ನಿರ್ಧರಿಸುವುದು ಕಾರು ನಿಲ್ಲಿಸುವ ವಿಳಾಸ. ಅದನ್ನು ಅವರು 'ಗರಾಜಿಂಗ್ ಅಡ್ರೆಸ್' ಎನ್ನುತ್ತಾರೆ. ಶೆಡ್ ಇರಲೇಬೇಕೆಂದೇನಿಲ್ಲ, ಬೀದಿಬದಿಯಲ್ಲಿ ನಿಲ್ಲಿಸಿದರೂ ಅದೇ ಹೆಸರು.

ಗಮನಿಸಬೇಕಾದದ್ದು ಆ ರಾಜ್ಯ ಲೈಸೆನ್ಸ್ ಮತ್ತು ನೋಂದಣಿಗೆ ಕೊಡುವ ಗಡುವು. ನಿವಾಸಿಯಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್‌ಗೆ 10 ದಿನ, ಹೊರಗಿಂದ ತಂದ ವಾಹನದ ನೋಂದಣಿಗೆ 20 ದಿನ. ಟೆಕ್ಸಸ್‌ನಲ್ಲಿ ಲೈಸೆನ್ಸ್‌ಗೆ 90 ದಿನ, ವಾಹನಕ್ಕೆ 30 ದಿನ. ನ್ಯೂಯಾರ್ಕ್‌ನಲ್ಲಿ 30 ದಿನ. ಇಲ್ಲಿ 'ನಿವಾಸಿ' ಯಾರು ಎಂಬುದನ್ನು ಬಾಡಿಗೆ ಕರಾರು, ಕೆಲಸ, ಮಕ್ಕಳ ಶಾಲೆ ಇಂಥವುಗಳಿಂದ ಅಳೆಯುತ್ತಾರೆ. ವಿದ್ಯಾರ್ಥಿಗಳಿಗೆ ಕೆಲವು ರಾಜ್ಯಗಳಲ್ಲಿ ಬೇರೆ ಲೆಕ್ಕವಿರುವುದರಿಂದ ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯ ಬರಹವನ್ನೇ ನೋಡಿ, ಗೆಳೆಯರ ಮಾತನ್ನಲ್ಲ.

ಬಂದಿಳಿದ ಮರುದಿನವೇ ಲೈಸೆನ್ಸ್‌ಗೆ ಓಡಬೇಡಿ. ದೇಶದೊಳಗೆ ಬಂದದ್ದರ ಐ-94 ದಾಖಲೆ ಮತ್ತು ವಿದೇಶಿ ವಿದ್ಯಾರ್ಥಿಗಳಿಗಾಗಿ ಕಾಲೇಜು ತುಂಬುವ ಸೆವಿಸ್ ದಾಖಲೆ ಸರ್ಕಾರದ ಗಣಕಗಳಲ್ಲಿ ಕೂಡಿಕೊಳ್ಳಲು ಸಮಯ ಬೇಕು. ಸುಮಾರು 10 ದಿನ ಬಿಟ್ಟು ಪಾಸ್‌ಪೋರ್ಟ್, ಕಾಲೇಜು ಕೊಟ್ಟ ಐ-20 ಪತ್ರ, ಐ-94 ಮುದ್ರಿತ ಪ್ರತಿ ಮತ್ತು ವಿಳಾಸದ ಪುರಾವೆ ಹಿಡಿದು ಹೋಗಿ. ಎಸ್‌ಎಸ್‌ಎನ್ ಇಲ್ಲದಿದ್ದರೆ ಸಾಮಾಜಿಕ ಭದ್ರತಾ ಕಚೇರಿಯಿಂದ 'ಈ ವ್ಯಕ್ತಿಗೆ ಸಂಖ್ಯೆ ಪಡೆಯುವ ಅರ್ಹತೆಯಿಲ್ಲ' ಎಂಬ ಪತ್ರ ಸಿಗುತ್ತದೆ. ಬಹಳ ರಾಜ್ಯಗಳಲ್ಲಿ ಅದು ಸಾಕು. ವಿಮಾ ಕಂಪನಿ ಆ ಸಂಖ್ಯೆಯನ್ನು ಕೇಳುವುದು ಮುಖ್ಯವಾಗಿ ಸಾಲದ ಇತಿಹಾಸ ನೋಡಿ ದರ ಹಾಕಲು. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್‌ಗಳಲ್ಲಿ ಕಾರು ವಿಮೆಗೆ ಹಾಗೆ ನೋಡುವಂತೆಯೇ ಇಲ್ಲ. ಆನ್‌ಲೈನ್ ಫಾರ್ಮ್‌ನಲ್ಲಿ 'ವಿದೇಶಿ ಲೈಸೆನ್ಸ್' ಎಂಬ ಆಯ್ಕೆ ಕಾಣದಿದ್ದರೆ ಇರುವುದರಲ್ಲೇ ಯಾವುದನ್ನೋ ಒತ್ತಬೇಡಿ, ಹಲವು ಕಂಪನಿಗಳ ಪಾಲಿಸಿ ಮಾರುವ ಏಜೆಂಟರಿಗೆ ಫೋನ್ ಮಾಡಿ.

ಖರೀದಿಯ ಕ್ರಮ ಹೀಗಿರಲಿ. ಮೊದಲು ಕಾರಿನ 17 ಅಕ್ಷರಗಳ ವಿನ್, ಅಂದರೆ ವಾಹನದ ಗುರುತಿನ ಸಂಖ್ಯೆ ತೆಗೆದುಕೊಂಡು ದರ ಕೇಳಿ. ಪಾಲಿಸಿ ಶುರುವಾಗುವ ದಿನವನ್ನು ಕಾರು ಕೈಗೆ ಬರುವ ದಿನಕ್ಕೇ ಇಡಿ. ವಿಮೆಯ ಗುರುತು ಚೀಟಿ ಕೈಗೆ ಬಂದ ಮೇಲೆ ನೋಂದಣಿ. ಇಲ್ಲಿ ನಮ್ಮವರಿಗೇ ವಿಶೇಷವಾದ ಒಂದು ತೊಡಕಿದೆ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಖಾಲಿ ಇದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಲೈಸೆನ್ಸ್‌ನಲ್ಲಿ ಒಂದು ರೀತಿ, ವಿಮೆಯಲ್ಲಿ ಇನ್ನೊಂದು ರೀತಿ ಹೆಸರಿದ್ದರೆ ನೋಂದಣಿ ಕಚೇರಿಯ ಗಣಕ ನಿಮ್ಮನ್ನು ಎರಡು ಮನುಷ್ಯರೆಂದು ತಿಳಿಯುತ್ತದೆ. ವಿಮೆ ಇದ್ದೂ 'ವಿಮೆ ಇಲ್ಲ' ಎಂಬ ನೋಟಿಸ್ ಬರಬಹುದು. ಮೂರು ಕಾಗದದಲ್ಲೂ ಅಕ್ಷರ ಬಿಡದಂತೆ ಒಂದೇ ಹೆಸರಿರಲಿ.

ಇನ್ನು ಮೊತ್ತ. ಟೆಕ್ಸಸ್‌ನ ಕನಿಷ್ಠ 30/60/25, ಅಂದರೆ ಗಾಯಕ್ಕೆ ಒಬ್ಬರಿಗೆ 30 ಸಾವಿರ ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60 ಸಾವಿರ, ಆಸ್ತಿ ಹಾನಿಗೆ 25 ಸಾವಿರ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ 30/60/15. ಅಲ್ಲಿನ ಆಸ್ಪತ್ರೆ ಬಿಲ್ಲಿನ ಮುಂದೆ ಈ ಮೊತ್ತ ಯಾವ ಮೂಲೆಗೂ ಸಾಲದು. ಹಳೆಯ ಕಾರಿನ ಸ್ವಂತ ಹಾನಿಯ ವಿಮೆಯನ್ನು ಬೇಕಾದರೆ ಬಿಡಿ. ಉಳಿದ ಹಣದಲ್ಲಿ ಥರ್ಡ್ ಪಾರ್ಟಿ ಮೊತ್ತವನ್ನು 100/300/100ಕ್ಕೆ ಏರಿಸಿ, ಜೊತೆಗೆ ವಿಮೆಯಿಲ್ಲದವರು ಗುದ್ದಿದರೆ ಸಿಗುವ ರಕ್ಷಣೆಯನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ನಾಲ್ವರು ಗೆಳೆಯರು ಒಂದೇ ಮನೆಯಲ್ಲಿದ್ದೇವೆ. ಕಾರು ನನ್ನದು. ವಿಮೆಯವರು ಮನೆಯಲ್ಲಿರುವ ಎಲ್ಲರ ಲೈಸೆನ್ಸ್ ವಿವರ ಕೇಳುತ್ತಿದ್ದಾರೆ. ಕೊಡಲೇಬೇಕೆ?

ಕೊಡಿ. ಅಮೆರಿಕದ ಕಂಪನಿಗಳ ಲೆಕ್ಕದಲ್ಲಿ ಒಂದೇ ಸೂರಿನಡಿ ಇರುವ ಲೈಸೆನ್ಸ್‌ದಾರರೆಲ್ಲ ಕೀಲಿಗೆ ಕೈ ಹಾಕಬಲ್ಲವರು. ಅವರಿಗೆ ಸ್ವಂತ ಕಾರು, ಸ್ವಂತ ಪಾಲಿಸಿ ಇದ್ದರೆ ಅದನ್ನು ತೋರಿಸಿ. ಆಗ ನಿಮ್ಮ ಪ್ರೀಮಿಯಂಗೆ ಅವರ ಭಾರ ಬೀಳುವುದಿಲ್ಲ. ಹಣ ಉಳಿಸಲೆಂದು ಯಾರನ್ನಾದರೂ 'ಹೊರಗಿಟ್ಟ ಚಾಲಕ' ಎಂದು ಬರೆಸಿದರೆ ಮಾತ್ರ, ಮುಂದೆ ಔಷಧಿ ತರಲೆಂದು ಅವರು ಒಂದು ಸಲ ಕಾರು ತೆಗೆದರೂ ಆ ಸಲಕ್ಕೆ ವಿಮೆಯಿಲ್ಲ ಎಂದುಕೊಳ್ಳಿ.

ಪ್ರಶ್ನೆ: ಬ್ರಿಟನ್‌ಗೆ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು ಎಂಟು ತಿಂಗಳಾಯಿತು. ವಿಮೆ ಫಾರ್ಮ್‌ನಲ್ಲಿ 'ಎಷ್ಟು ವರ್ಷದಿಂದ ಇಲ್ಲಿ ವಾಸ' ಎಂಬ ಪ್ರಶ್ನೆಯಿದೆ. ಐದು ವರ್ಷ ಎಂದು ಒತ್ತಿದರೆ ಪ್ರೀಮಿಯಂ ಅರ್ಧಕ್ಕರ್ಧ ಇಳಿಯುತ್ತದೆ. ಲೈಸೆನ್ಸ್ ಇನ್ನೂ ಭಾರತದ್ದೇ.

ಇಳಿಯುತ್ತದೆ, ನಿಜ. ಆದರೆ ಅಷ್ಟು ಕಡಿಮೆಗೆ ಸಿಕ್ಕಿದ್ದು ವಿಮೆಯಲ್ಲ, ವಿಮೆಯ ಕಾಗದ.

2012ರ ಗ್ರಾಹಕ ವಿಮಾ ಕಾಯ್ದೆ ಅಲ್ಲಿ ತಪ್ಪು ಉತ್ತರಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಬೇಕೆಂದೇ ಅಥವಾ ನಿಜವೋ ಸುಳ್ಳೋ ಎಂಬ ಗೊಡವೆಯೇ ಇಲ್ಲದೆ ಕೊಟ್ಟ ಉತ್ತರ ಒಂದು. ಆಗ ಕಂಪನಿ ಪಾಲಿಸಿಯನ್ನೇ ಇಲ್ಲವಾಗಿಸಿ, ಕ್ಲೇಮ್ ಕೊಡದೆ, ಕಟ್ಟಿದ ಪ್ರೀಮಿಯಂ ಅನ್ನೂ ಇಟ್ಟುಕೊಳ್ಳಬಹುದು. ಅಜಾಗರೂಕತೆಯಿಂದ ಆದದ್ದು ಇನ್ನೊಂದು. ನಿಜ ಗೊತ್ತಿದ್ದರೆ ಹೆಚ್ಚು ಪ್ರೀಮಿಯಂ ಹಾಕುತ್ತಿದ್ದೆವು ಎಂದಾದರೆ ಅದೇ ಅನುಪಾತದಲ್ಲಿ ಕ್ಲೇಮ್ ಕತ್ತರಿಸುತ್ತಾರೆ. ಸರಿಯಾದ ಪ್ರೀಮಿಯಂ 1,500 ಪೌಂಡ್ ಇದ್ದಲ್ಲಿ ನೀವು 900 ಕಟ್ಟಿದ್ದರೆ, 5,000 ಪೌಂಡ್‌ನ ಕ್ಲೇಮ್‌ಗೆ ಸಿಗುವುದು 3,000. ಎಂಟು ತಿಂಗಳನ್ನು ಐದು ವರ್ಷ ಮಾಡಿದ್ದು ಕೈತಪ್ಪು ಎಂದು ಯಾರನ್ನೂ ನಂಬಿಸಲಾಗದು, ವೀಸಾ ದಾಖಲೆ ಕೇಳಿದರೆ ಮುಗಿಯಿತು. ಎದುರಿನವರಿಗೆ ಆದ ಹಾನಿಯನ್ನು ಕಂಪನಿ ಕಾನೂನಿನಂತೆ ಕೊಡಬೇಕಾಗಿ ಬಂದರೂ ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಅದಕ್ಕಿಂತ ದೀರ್ಘ ಪೆಟ್ಟು ಮುಂದಿದೆ. 'ಯಾವುದಾದರೂ ಕಂಪನಿ ನಿಮ್ಮ ಪಾಲಿಸಿಯನ್ನು ರದ್ದು ಮಾಡಿದೆಯೇ' ಎಂಬ ಪ್ರಶ್ನೆಗೆ ಇನ್ನು ಮೇಲೆ ಪ್ರತಿ ಫಾರ್ಮ್‌ನಲ್ಲೂ 'ಹೌದು' ಎನ್ನಬೇಕು. ವಿಮೆಯಿಲ್ಲದೆ ಓಡಿಸಿದ್ದಕ್ಕೆ ಸ್ಥಳದಲ್ಲೇ ಬೀಳುವ ದಂಡ 300 ಪೌಂಡ್, ಲೈಸೆನ್ಸ್ ಮೇಲೆ 6 ಅಂಕ, ಕಾರನ್ನು ಎಳೆದೊಯ್ಯುವ ಅಧಿಕಾರವೂ ಪೊಲೀಸರಿಗಿದೆ.

ಉತ್ತರ ಹೇಗೆ ಕೊಡಬೇಕು? ಪ್ರಶ್ನೆಯನ್ನು ಅಕ್ಷರಶಃ ಓದಿ. ನೆಲೆಸಲು ಬಂದ ತಿಂಗಳು, ವರ್ಷ ಕೇಳಿದರೆ ಅದನ್ನೇ ಬರೆಯಿರಿ. ಹಿಂದೆ ಎರಡು ವಾರ ಪ್ರವಾಸಕ್ಕೆ ಬಂದದ್ದು ವಾಸಕ್ಕೆ ಸೇರುವುದಿಲ್ಲ. ನಡುವೆ ಎರಡು ವರ್ಷ ಬೇರೆ ದೇಶದಲ್ಲಿದ್ದು ಮರಳಿದವರು 'ನಿರಂತರವಾಗಿ' ಎಂಬ ಪದ ಇದೆಯೇ ನೋಡಬೇಕು. ಇದ್ದರೆ ಎರಡನೇ ಸಲ ಬಂದ ದಿನದಿಂದ ಎಣಿಕೆ. ಸಂಶಯವಿದ್ದರೆ ಫೋನಲ್ಲಿ ಕೇಳದೆ ಚಾಟ್ ಅಥವಾ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ನಿಮಗೆ ವಾಸದ ಪ್ರಶ್ನೆಗಿಂತ ತುರ್ತಾದದ್ದು ಲೈಸೆನ್ಸ್. ಭಾರತದ ಲೈಸೆನ್ಸ್‌ನಲ್ಲಿ ಅಲ್ಲಿ ಓಡಿಸಬಹುದಾದದ್ದು ನಿವಾಸಿಯಾದ ದಿನದಿಂದ 12 ತಿಂಗಳು ಮಾತ್ರ. ನೇರ ಬದಲಾವಣೆಗೆ ಅವಕಾಶವಿರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ನಿಮ್ಮ ಕೈಯಲ್ಲಿ ನಾಲ್ಕು ತಿಂಗಳಿದೆ. ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್‌ಗೆ ಈಗಲೇ ಅರ್ಜಿ ಹಾಕಿ (185 ದಿನ ಅಲ್ಲಿರಲು ಅನುಮತಿ ಇರಬೇಕು, ನಿಮ್ಮ ವೀಸಾಕ್ಕೆ ತೊಂದರೆಯಿಲ್ಲ), ಥಿಯರಿ ಮುಗಿಸಿ, ರಸ್ತೆ ಪರೀಕ್ಷೆಗೆ ದಿನ ಹಿಡಿಯಿರಿ. ದಿನ ಸಿಗುವುದೇ ಅಲ್ಲಿ ದೊಡ್ಡ ಕೆಲಸ. 12 ತಿಂಗಳು ಮುಗಿದ ಮರುದಿನದಿಂದ ನೀವು ಕಲಿಯುವವರು. ಎಲ್ ಫಲಕ ಬೇಕು, ಪಕ್ಕದಲ್ಲಿ 21 ದಾಟಿದ, ಮೂರು ವರ್ಷ ಪೂರ್ಣ ಲೈಸೆನ್ಸ್ ಇರುವವರು ಕೂರಬೇಕು, ಪಾಲಿಸಿಯಲ್ಲೂ ಹಾಗೆಯೇ ಬದಲಾಯಿಸಬೇಕು. 'ಪೂರ್ಣ ವಿದೇಶಿ ಲೈಸೆನ್ಸ್' ಎಂದು ಬರೆಸಿದ ಪಾಲಿಸಿ ಡ್ರಾಯರಿನಲ್ಲಿ ಜೀವಂತ ಕಂಡರೂ ಒಬ್ಬರೇ ಓಡಿಸುವಾಗ ಅದು ಕೈಹಿಡಿಯದು. ಪರೀಕ್ಷೆ ಪಾಸಾದ ದಿನವೂ ಕಂಪನಿಗೆ ತಿಳಿಸಿ.

ಇನ್ನೊಂದು ಅಡ್ಡದಾರಿಯನ್ನೂ ಇಲ್ಲೇ ಮುಚ್ಚಿಬಿಡೋಣ. ಹತ್ತು ವರ್ಷದಿಂದ ಅಲ್ಲಿರುವ ಭಾವನನ್ನು 'ಮುಖ್ಯ ಚಾಲಕ' ಮಾಡಿ ನೀವು ಎರಡನೆಯವರಾಗುವುದಕ್ಕೆ ಅವರ ಭಾಷೆಯಲ್ಲಿ 'ಫ್ರಂಟಿಂಗ್' ಎಂದು ಹೆಸರು. ಅದನ್ನು ವಂಚನೆಯ ಸಾಲಿಗೇ ಸೇರಿಸುತ್ತಾರೆ.

ಪ್ರಶ್ನೆ: ಭಾರತದಲ್ಲಿ ಐದು ವರ್ಷ ಒಂದೂ ಕ್ಲೇಮ್ ಇಲ್ಲದೆ 50 ಪ್ರತಿಶತ ನೋ ಕ್ಲೇಮ್ ಬೋನಸ್ ಗಳಿಸಿದ್ದೇನೆ. ಹೊರದೇಶದಲ್ಲಿ ಅದಕ್ಕೆ ಬೆಲೆಯಿದೆಯೇ?

ಕಂಪನಿಯಿಂದ ಕಂಪನಿಗೆ ಬೇರೆ. ಬ್ರಿಟನ್‌ನಲ್ಲಿ ಬಹಳ ಕಂಪನಿಗಳು ತಮ್ಮ ದೇಶದ ಮತ್ತು ಐರೋಪ್ಯ ಒಕ್ಕೂಟದ ದಾಖಲೆಯನ್ನಷ್ಟೇ ಎಣಿಸುತ್ತವೆ, ಕೆಲವು ಬೇರೆಡೆಯದನ್ನೂ ಒಪ್ಪುತ್ತವೆ. ಆದ್ದರಿಂದ ದರ ಕೇಳುವಾಗಲೇ ಇದನ್ನೂ ಕೇಳಿ. ಒಪ್ಪುವವರು ಸಿಕ್ಕರೂ ಪತ್ರ ಸರಿಯಿಲ್ಲದೆ ತಿರಸ್ಕೃತವಾಗುವುದೇ ಹೆಚ್ಚು.

ಭಾರತದ ಬೋನಸ್ ಸ್ವಂತ ಹಾನಿಯ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಥರ್ಡ್ ಪಾರ್ಟಿ ಕ್ಲೇಮ್ ಆಗಿದ್ದರೂ ಅದು ಕರಗುವುದಿಲ್ಲ. ಹೊರಗಿನ ಕಂಪನಿಗೆ ಬೇಕಿರುವುದು ಎರಡೂ ಬಗೆಯ ಲೆಕ್ಕ. ಹಾಗಾಗಿ '50 ಪ್ರತಿಶತ' ಎಂಬ ಒಂದು ಸಾಲಿನ ಪತ್ರ ಅವರಿಗೆ ಏನನ್ನೂ ಹೇಳುವುದಿಲ್ಲ. ಕಂಪನಿಯ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ ಇವಿಷ್ಟು ಬರೆಸಿ: ಪಾಸ್‌ಪೋರ್ಟ್‌ನಲ್ಲಿರುವಂತೆಯೇ ನಿಮ್ಮ ಹೆಸರು, ಪ್ರತಿ ವರ್ಷದ ಪಾಲಿಸಿ ಸಂಖ್ಯೆ ಮತ್ತು ಅವಧಿ, ವಾಹನ ಸಂಖ್ಯೆ, ಸ್ವಂತ ಹಾನಿ ಮತ್ತು ಥರ್ಡ್ ಪಾರ್ಟಿ ಎರಡರಲ್ಲೂ ಕ್ಲೇಮ್ ಇಲ್ಲದ ವರ್ಷಗಳು ಎಷ್ಟು ಎಂಬ ಸಂಖ್ಯೆ, ಪಾಲಿಸಿ ಕೊನೆಗೊಂಡ ದಿನಾಂಕ. ಕಚೇರಿಯ ಕಾರು ಓಡಿಸಿದ ವರ್ಷಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಪಾಲಿಸಿ ನಿಮ್ಮ ಹೆಸರಿನಲ್ಲಿರಬೇಕು. ಕಾರು ಮಾರಿ ಹೊರಡುವವರು ಮಾರಾಟದ ದಾಖಲೆ ಕೊಟ್ಟು ಬೋನಸ್ ಕಾಯ್ದಿರಿಸಿದ ಪತ್ರವನ್ನೂ ಪಡೆಯಲಿ. ಮರಳಿ ಬಂದರೆ ಮೂರು ವರ್ಷದೊಳಗೆ ಅದು ಇಲ್ಲೇ ಉಪಯೋಗಕ್ಕೆ ಬರುತ್ತದೆ.

ಲೈಸೆನ್ಸ್‌ನದೂ ಇದೇ ಕಥೆ. ನವೀಕರಿಸಿದ ಕಾರ್ಡಿನ ಮೇಲಿನ ಹೊಸ ದಿನಾಂಕ ನೋಡಿ 15 ವರ್ಷದ ಚಾಲಕನನ್ನು ಒಂದು ವರ್ಷದವನೆಂದು ಎಣಿಸುತ್ತಾರೆ. ಹೊರಡುವ ಮೊದಲೇ ಸಾರಥಿ ಜಾಲತಾಣದಲ್ಲಿ ಡಿಎಲ್ ಎಕ್ಸ್‌ಟ್ರಾಕ್ಟ್‌ಗೆ (ಲೈಸೆನ್ಸ್ ದಾಖಲೆಯ ಪ್ರತಿಗೆ) ಅರ್ಜಿ ಹಾಕಿ, ಮೊದಲು ಲೈಸೆನ್ಸ್ ಸಿಕ್ಕ ದಿನಾಂಕ ಅದರಲ್ಲಿ ಇರುವಂತೆ ನೋಡಿಕೊಳ್ಳಿ. ಕೆನಡಾದ ಒಂಟಾರಿಯೊದಂಥ ಕಡೆ ರಸ್ತೆ ಪರೀಕ್ಷೆಗೆ ಕಾಯುವ ಅವಧಿ ಕಡಿಮೆಯಾಗುವುದೂ ಇಂಥ ಅನುಭವ ಪತ್ರದಿಂದಲೇ.

ಪ್ರಶ್ನೆ: ಜರ್ಮನಿಯಲ್ಲಿ ಬ್ಲೂ ಕಾರ್ಡ್‌ನಲ್ಲಿದ್ದೇವೆ. ಕಾರು ನೋಂದಣಿಗೆ ವಿಮೆ ಬೇಕು, ವಿಮೆಗೆ ವಿಳಾಸ ಬೇಕು ಎನ್ನುತ್ತಾರೆ. ಎಲ್ಲಿಂದ ಶುರು ಮಾಡುವುದು?

ವಿಳಾಸದಿಂದ. ಮನೆ ಸೇರಿದ ಎರಡು ವಾರದೊಳಗೆ ಪುರಸಭೆ ಕಚೇರಿಯಲ್ಲಿ ಆನ್‌ಮೆಲ್ಡುಂಗ್, ಅಂದರೆ ವಾಸದ ನೋಂದಣಿ. ಅಲ್ಲಿ ಕೊಡುವ ಚೀಟಿಯೇ ಮುಂದಿನ ಎಲ್ಲಕ್ಕೂ ಬೀಗದ ಕೈ. ಆಮೇಲೆ ಐಬಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಇರುವ ಬ್ಯಾಂಕ್ ಖಾತೆ, ಏಕೆಂದರೆ ವಾಹನ ತೆರಿಗೆಯನ್ನು ಖಾತೆಯಿಂದಲೇ ಕಡಿತ ಮಾಡಲು ಸಹಿ ಹಾಕದೆ ಕಾರು ನೋಂದಣಿ ಆಗುವುದಿಲ್ಲ. ಮೂರನೆಯದು ವಿಮೆ. ಕಂಪನಿ ಕಾಗದದ ಬದಲು ವಿಮೆಯನ್ನು ದೃಢಪಡಿಸುವ ಏಳು ಅಕ್ಷರಗಳ ಇವಿಬಿ ಸಂಖ್ಯೆಯನ್ನು ಕಳಿಸುತ್ತದೆ. ಆ ಸಂಖ್ಯೆ, ಪಾಸ್‌ಪೋರ್ಟ್, ವಾಸದ ಚೀಟಿ, ವಾಹನದ ನೋಂದಣಿ ಪತ್ರದ ಎರಡೂ ಭಾಗ, ತಪಾಸಣೆಯ ವರದಿ ಹಿಡಿದು ವಾಹನ ನೋಂದಣಿ ಕಚೇರಿಗೆ ಹೋದರೆ ಅಂದೇ ನಂಬರ್ ಪ್ಲೇಟ್ ಸಿಗುತ್ತದೆ.

ಪ್ರೀಮಿಯಂ ಕಂಡು ಗಾಬರಿಯಾಗಬೇಡಿ. ಕ್ಲೇಮ್ ಇಲ್ಲದ ವರ್ಷಗಳನ್ನು ಅವರು ಎಸ್‌ಎಫ್ ದರ್ಜೆಗಳಲ್ಲಿ ಎಣಿಸುತ್ತಾರೆ. ಹೊಸಬರು ಕೆಳಗಿನ ಮೆಟ್ಟಿಲಿನಲ್ಲೇ ಶುರು. ಮೇಲೆ ಹೇಳಿದ ಪತ್ರವನ್ನು ತೋರಿಸಿ ಕೇಳಿದರೆ ಕೆಲವರು ಒಂದೆರಡು ಮೆಟ್ಟಿಲು ಹತ್ತಿಸುತ್ತಾರೆ.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಲೈಸೆನ್ಸ್‌ನದು. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ದಿನದಿಂದ 6 ತಿಂಗಳು ನಡೆಯುತ್ತದೆ. ಒಟ್ಟು ವಾಸ 12 ತಿಂಗಳು ಮೀರುವುದಿಲ್ಲ ಎಂದು ತೋರಿಸಿದವರಿಗೆ ಮಾತ್ರ ಅದನ್ನು ವಿಸ್ತರಿಸುತ್ತಾರೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಒಂದು ವರ್ಷದ್ದಿದೆಯಲ್ಲ ಎಂಬ ವಾದ ನಡೆಯದು. ಆ ಪುಸ್ತಕ ಮೂಲ ಲೈಸೆನ್ಸ್‌ನ ಅನುವಾದ ಮಾತ್ರ, ಅದಕ್ಕೆ ಸ್ವಂತ ಆಯುಸ್ಸಿಲ್ಲ. ಏಳನೇ ತಿಂಗಳಲ್ಲಿ ಸ್ಟೀರಿಂಗ್ ಹಿಡಿದರೆ ಲೈಸೆನ್ಸ್ ಇಲ್ಲದ ಚಾಲನೆ, ಜರ್ಮನಿಯಲ್ಲಿ ಅದು ಕ್ರಿಮಿನಲ್ ಅಪರಾಧ. ಅಪಘಾತವಾದರೆ ಎದುರಿನವರಿಗೆ ವಿಮಾ ಕಂಪನಿ ಕೊಡುತ್ತದೆ, ಕೊಟ್ಟು 5,000 ಯೂರೊವರೆಗೆ ನಿಮ್ಮಿಂದ ಕೇಳುತ್ತದೆ. ನಿಮ್ಮ ಸ್ವಂತ ಕಾರಿನ ಹಾನಿಯನ್ನು ಕೊಡದೆಯೂ ಇರಬಹುದು. ಅಲ್ಲಿನ ಥಿಯರಿ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸಾಗಲೇಬೇಕಾದ್ದರಿಂದ ಮೊದಲ ತಿಂಗಳಲ್ಲೇ ಡ್ರೈವಿಂಗ್ ಶಾಲೆಗೆ ಸೇರಿ.

ಪ್ರಶ್ನೆ: ದುಬೈಗೆ ಭೇಟಿ ವೀಸಾದಲ್ಲಿ ಬಂದಾಗ ಇಂಟರ್‌ನ್ಯಾಷನಲ್ ಪರ್ಮಿಟ್‌ನಲ್ಲಿ ಬಾಡಿಗೆ ಕಾರು ಓಡಿಸಿದ್ದೆ. ಈಗ ರೆಸಿಡೆನ್ಸ್ ವೀಸಾ ಆಗಿದೆ. ಪರ್ಮಿಟ್ ಇನ್ನೂ ಆರು ತಿಂಗಳಿದೆ.

ಪರ್ಮಿಟ್ ಇದೆ, ನಿಮಗೆ ಅದನ್ನು ಬಳಸುವ ಹಕ್ಕಿಲ್ಲ. ರೆಸಿಡೆನ್ಸ್ ವೀಸಾ ಬಂದ ಕ್ಷಣದಿಂದ ಅಲ್ಲಿನ ಲೈಸೆನ್ಸ್ ಬೇಕು. ಕಾರಿನ ವಿಮೆ ಊರ್ಜಿತವಿದ್ದರೂ ಲೈಸೆನ್ಸ್ ಇಲ್ಲದ ಚಾಲಕನೆಂದು ಕಂಪನಿ ಎದುರಿನವರಿಗೆ ಕೊಟ್ಟ ಹಣವನ್ನು ನಿಮ್ಮಿಂದ ವಸೂಲು ಮಾಡಬಹುದು. ಲೈಸೆನ್ಸ್ ಬಂದ ಮೇಲೆ ಪಕ್ಕದ ಒಮಾನ್‌ಗೆ ಕಾರಿನಲ್ಲಿ ಹೋಗುವುದಾದರೆ ಗಡಿ ದಾಟುವ ವಿಮೆಯ ಆರೆಂಜ್ ಕಾರ್ಡ್ ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

ಪ್ರಶ್ನೆ: ಸಿಡ್ನಿಯಲ್ಲಿ ಗ್ರೀನ್ ಸ್ಲಿಪ್ (ಕಡ್ಡಾಯ ವಿಮೆ) ಕಟ್ಟಿದ್ದೇನೆ. ಅಷ್ಟು ಸಾಕಲ್ಲವೇ?

ಕಾನೂನಿಗೆ ಸಾಕು, ನಿಮಗೆ ಸಾಲದು. ಅದು ಜನರಿಗೆ ಆಗುವ ಗಾಯಕ್ಕೆ ಮಾತ್ರ. ಮುಂದಿನ ದುಬಾರಿ ಕಾರಿನ ಬಂಪರ್‌ಗೆ ಗುದ್ದಿದರೆ ಪೂರ್ತಿ ಕೈಯಿಂದಲೇ. ಆಸ್ತಿ ಹಾನಿಯ ಥರ್ಡ್ ಪಾರ್ಟಿ ಪಾಲಿಸಿಯನ್ನಾದರೂ ಬೇರೆಯಾಗಿ ಕೊಳ್ಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ 2023ರ ಜುಲೈ 1ರಿಂದ ತಾತ್ಕಾಲಿಕ ವೀಸಾದವರೂ ಆರು ತಿಂಗಳ ವಾಸದ ನಂತರ ಅಲ್ಲಿನ ಲೈಸೆನ್ಸ್ ಪಡೆಯಬೇಕು. ಅದಕ್ಕೂ ಹಿಂದಿನ ಸಲಹೆಗಳನ್ನು ಈಗ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ನ್ಯೂಯಾರ್ಕ್‌ಗೆ ಕೆಲಸ ಬದಲಾಯಿತು. ಹಳೆಯ ರಾಜ್ಯದ ಗೆಳೆಯನ ವಿಳಾಸದಲ್ಲೇ ವಿಮೆ ಮುಂದುವರಿಸಿದರೆ ವರ್ಷಕ್ಕೆ ಸಾಕಷ್ಟು ಉಳಿಯುತ್ತದೆ. ವೀಸಾ ದಾಖಲೆಯಲ್ಲೂ ವಿಳಾಸ ಇನ್ನೂ ಹಳೆಯದೇ ಇದೆ.

ವೀಸಾ ದಾಖಲೆಯಲ್ಲಿ ಹಳೆಯ ವಿಳಾಸ ಇರುವುದು ವಿಮೆಗೆ ಆಧಾರವಲ್ಲ, ಅದು ಇನ್ನೊಂದು ತಪ್ಪು. ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11, ಅಂದರೆ ವಿಳಾಸ ಬದಲಾವಣೆಯ ಫಾರ್ಮ್ ತುಂಬಬೇಕು. ಅದನ್ನು ಮೊದಲು ಮಾಡಿ.

ಕಾರಿನ ವಿಷಯದಲ್ಲಿ ನ್ಯೂಯಾರ್ಕ್ ಬಹಳ ಬಿಗಿ. ಅಲ್ಲಿ ನೋಂದಣಿಯಾದ ವಾಹನಕ್ಕೆ ಅದೇ ರಾಜ್ಯದಲ್ಲಿ ವಿತರಿಸಿದ ಪಾಲಿಸಿಯೇ ಬೇಕು, ಹೊರರಾಜ್ಯದ್ದನ್ನು ಒಪ್ಪುವುದೇ ಇಲ್ಲ. ಮೂವತ್ತು ದಿನದೊಳಗೆ ಲೈಸೆನ್ಸ್, ನೋಂದಣಿ, ವಿಮೆ ಮೂರನ್ನೂ ಬದಲಾಯಿಸಿ. ಗೆಳೆಯನ ವಿಳಾಸ ಬಯಲಾಗುವುದು ಹೇಗೆಂದು ಕೇಳಿದರೆ, ಅಪಘಾತದ ಪೊಲೀಸ್ ವರದಿ, ರಿಪೇರಿ ಅಂಗಡಿಯ ಬಿಲ್ಲು, ಟೋಲ್ ದಾಖಲೆ, ಸಂಬಳದ ಚೀಟಿ, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಕ್ಲೇಮ್ ಬಂದ ದಿನವೇ ತನಿಖೆ ಶುರುವಾಗುವುದು. ಅದುವರೆಗೆ ಕಂಪನಿ ನಿಮ್ಮ ಪ್ರೀಮಿಯಂ ಅನ್ನು ನಗುನಗುತ್ತಲೇ ತೆಗೆದುಕೊಳ್ಳುತ್ತದೆ.

ಪ್ರಶ್ನೆ: ಅಪ್ಪ ಅಮ್ಮ ಆರು ತಿಂಗಳಿಗೆ ಅಮೆರಿಕಕ್ಕೆ ಬರುತ್ತಿದ್ದಾರೆ. ಅಪ್ಪನಿಗೆ ನನ್ನ ಕಾರು ಕೊಡಬಹುದೇ?

ಒಂದೆರಡು ಸಲವಾದರೆ ಮಾಲೀಕರ ಒಪ್ಪಿಗೆಯಿಂದ ಓಡಿಸುವವರನ್ನು ಹೆಚ್ಚಿನ ಪಾಲಿಸಿಗಳು ಒಳಗೊಳ್ಳುತ್ತವೆ. ಆರು ತಿಂಗಳು ಅದೇ ಮನೆಯಲ್ಲಿರುವವರು ಅತಿಥಿಯೋ ಮನೆಯ ಸದಸ್ಯರೋ ಎಂಬುದನ್ನು ಮಾತ್ರ ಕಂಪನಿಯ ಪಾಲಿಸಿ ಹೇಳುತ್ತದೆ. ಬರುವ ಮೊದಲೇ ಅವರ ಲೈಸೆನ್ಸ್ ವಿವರ ಕೊಟ್ಟು ಹೆಸರು ಸೇರಿಸಬೇಕೇ ಎಂದು ಬರಹದಲ್ಲಿ ಕೇಳಿ. ಮೂಲ ಲೈಸೆನ್ಸ್ ಮತ್ತು ಭಾರತದಲ್ಲೇ ಮಾಡಿಸಿದ ಪರ್ಮಿಟ್ ಎರಡೂ ಜೊತೆಯಲ್ಲಿರಲಿ. ಬಲಗಡೆ ಓಡಿಸುವ ರೂಢಿಯಿಲ್ಲದವರನ್ನು ಮೊದಲ ವಾರವೇ ಹೆದ್ದಾರಿಗೆ ಬಿಡಬೇಡಿ ಎಂಬುದು ವಿಮೆಯ ಮಾತಲ್ಲ, ಆದರೂ ಹೇಳಬೇಕು. ಅವರನ್ನು ಕರೆದುಕೊಂಡು ಕಾರಿನಲ್ಲಿ ಕೆನಡಾಗೆ ಹೋದರೆ ನಿಮ್ಮ ಪಾಲಿಸಿ ಸಾಮಾನ್ಯವಾಗಿ ಜೊತೆಗೆ ಬರುತ್ತದೆ. ಮೆಕ್ಸಿಕೊಗೆ ಬರುವುದಿಲ್ಲ. ಅಲ್ಲಿಗೆ ಅಲ್ಲಿನ ಕಂಪನಿಯ ಪಾಲಿಸಿಯೇ ಬೇಕು.

ಪ್ರಶ್ನೆ: ಅಮೆರಿಕದಲ್ಲಿ ಎಚ್-1ಬಿ ಉದ್ಯೋಗ ವೀಸಾದ ಕೆಲಸ ಹೋಯಿತು. ಆಮೇಲೆ ಅಲ್ಲಿರಲು ಕೊಡುವ 60 ದಿನದ ಅವಧಿಯಲ್ಲಿ ವಿಮೆ ಇರುತ್ತದೆಯೇ?

ಇರುತ್ತದೆ. ಕಾರು ವಿಮೆ ಉದ್ಯೋಗಕ್ಕೆ ಕಟ್ಟಿದ್ದಲ್ಲ. ಲೈಸೆನ್ಸ್‌ನ ಕೊನೆಯ ದಿನಾಂಕವನ್ನು ಮಾತ್ರ ಇಂದೇ ನೋಡಿ. ಬಹಳ ರಾಜ್ಯಗಳಲ್ಲಿ ಅದನ್ನು ದೇಶದಲ್ಲಿರಲು ಅನುಮತಿಯಿರುವ ಅವಧಿಗೆ ಹೊಂದಿಸಿರುತ್ತಾರೆ. ಕಚೇರಿಗೆ ಹೋಗಿಬರುವ ಓಡಾಟ ನಿಂತಿದೆ ಎಂದು ಕಂಪನಿಗೆ ತಿಳಿಸಿದರೆ ಪ್ರೀಮಿಯಂ ಕೊಂಚ ಇಳಿಯಬಹುದು.

ಪ್ರಶ್ನೆ: ನಾಲ್ಕು ತಿಂಗಳು ಊರಿಗೆ ಹೋಗುತ್ತಿದ್ದೇವೆ. ನಿಂತ ಕಾರಿಗೆ ವಿಮೆ ಏಕೆ? ರದ್ದು ಮಾಡಬಹುದೇ? ಮುಂದೆ ಶಾಶ್ವತವಾಗಿ ಮರಳುವಾಗಲೂ ಇದೇ ಕ್ರಮವೇ?

ರದ್ದು ಮಾಡುವ ಮೊದಲು ನಂಬರ್ ಪ್ಲೇಟಿನ ಕಡೆ ನೋಡಿ. ಎಷ್ಟೋ ಕಡೆ ವಿಮೆ ಕಟ್ಟಬೇಕಾಗಿರುವುದು ಓಡುವ ಕಾರಿಗಲ್ಲ, ನೋಂದಣಿಯಲ್ಲಿರುವ ಕಾರಿಗೆ. ನ್ಯೂಯಾರ್ಕ್‌ನಲ್ಲಿ ಮೊದಲು ಪ್ಲೇಟ್ ಒಪ್ಪಿಸಿ ರಸೀದಿ ಪಡೆದು, ಆಮೇಲೆ ವಿಮೆ ರದ್ದು. ಹಿಂದುಮುಂದಾದರೆ ಮೊದಲ 30 ದಿನ ದಿನಕ್ಕೆ 8 ಡಾಲರ್‌ನಂತೆ ದಂಡ, ಆಮೇಲೆ ಅದೂ ಏರುತ್ತದೆ. ಫ್ಲಾರಿಡಾದಲ್ಲೂ ಪ್ಲೇಟ್ ಮೊದಲು. ಕ್ಯಾಲಿಫೋರ್ನಿಯಾದಲ್ಲಿ ವಾಹನ ಬಳಸುವುದಿಲ್ಲ ಎಂಬ ಪ್ರಮಾಣಪತ್ರ ಸಲ್ಲಿಸಬೇಕು, ಆಗ ಅದನ್ನು ಬೀದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಬ್ರಿಟನ್‌ನಲ್ಲಿ ಸಾರ್ನ್, ಅಂದರೆ ಕಾರು ರಸ್ತೆಗೆ ಇಳಿಯುವುದಿಲ್ಲ ಎಂಬ ಘೋಷಣೆ. ಅದಕ್ಕೆ ಶುಲ್ಕವಿಲ್ಲ, ಕಾರು ಖಾಸಗಿ ಜಾಗದಲ್ಲಿರಬೇಕು, ಉಳಿದ ಪೂರ್ಣ ತಿಂಗಳುಗಳ ವಾಹನ ತೆರಿಗೆ ವಾಪಸ್ ಬರುತ್ತದೆ.

ಆದರೂ ನಾಲ್ಕೇ ತಿಂಗಳಿಗೆ ಪೂರ್ತಿ ರದ್ದು ಮಾಡುವುದು ಜಾಣತನವಲ್ಲ. ನಡುವಿನ ಖಾಲಿ ಕಾಲ ದಾಖಲೆಯಲ್ಲಿ ಉಳಿದು, ಮರಳಿದಾಗ ಅಮೆರಿಕದ ಕಂಪನಿಗಳು ಅದಕ್ಕೆ ದರ ಏರಿಸುತ್ತವೆ. ರಾಜ್ಯದ ಕಾನೂನು ಅವಕಾಶ ಕೊಟ್ಟರೆ ಕಳ್ಳತನ, ಬೆಂಕಿ, ಬಿದ್ದ ಮರ ಇವಿಷ್ಟಕ್ಕೆ ಇಳಿಸಿ ಪಾಲಿಸಿಯನ್ನು ಜೀವಂತವಾಗಿಡಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕನ್ನು ಕೇಳದೆ ಏನನ್ನೂ ಇಳಿಸಬೇಡಿ. ಅವರೇ ದುಬಾರಿ ವಿಮೆ ಮಾಡಿಸಿ ನಿಮ್ಮ ಸಾಲಕ್ಕೆ ಸೇರಿಸುತ್ತಾರೆ.

ಶಾಶ್ವತವಾಗಿ ಹೊರಡುವವರ ದೊಡ್ಡ ತಪ್ಪು ಕಾರನ್ನು ಗೆಳೆಯನ ಕೈಗೆ ಕೊಟ್ಟು ಹೆಸರು ಬದಲಾಯಿಸದೆ ವಿಮಾನ ಹತ್ತುವುದು. ಒಪ್ಪಿಗೆಯ ಮೇಲೆ ಓಡಿಸಿದವನ ತಪ್ಪಿಗೆ ನ್ಯೂಯಾರ್ಕ್ ಕಾನೂನಿನಲ್ಲಿ ಮಾಲೀಕನೂ ಹೊಣೆ. ಕ್ಯಾಲಿಫೋರ್ನಿಯಾದಲ್ಲಿ ಮಾರಿದ 5 ದಿನದೊಳಗೆ ಮಾಲೀಕತ್ವ ಬಿಟ್ಟದ್ದನ್ನು ಇಲಾಖೆಗೆ ತಿಳಿಸಬೇಕು. ಮಾರಾಟ, ಪ್ಲೇಟ್, ಆಮೇಲೆ ವಿಮೆ, ಈ ಕ್ರಮದಲ್ಲೇ ಮುಗಿಸಿ. ಕಂತು ಕಟ್ಟುವುದನ್ನು ನಿಲ್ಲಿಸಿದರೆ ತಾನೇ ರದ್ದಾಗುತ್ತದೆ ಎಂದು ಬಿಟ್ಟರೆ 'ಹಣ ಕಟ್ಟದೆ ರದ್ದಾದ ಪಾಲಿಸಿ' ಎಂದು ನಮೂದಾಗುತ್ತದೆ. ಲಿಖಿತವಾಗಿ ದಿನಾಂಕ ಕೊಟ್ಟು ರದ್ದು ಮಾಡಿ, ಉಳಿದ ಪ್ರೀಮಿಯಂ ವಾಪಸ್ ಕೇಳಿ. ಆ ಹಣ ಬಂದು ಬೀಳುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಕ್ಲೇಮ್ ಇತಿಹಾಸದ ಪತ್ರವನ್ನೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ. ವರ್ಷ ಕಳೆದು ಬೇರೆ ದೇಶದಿಂದ ಕೇಳಿದರೆ ನಿಮ್ಮ ಗುರುತು ಸಾಬೀತು ಮಾಡುವುದರಲ್ಲೇ ತಿಂಗಳು ಹಿಡಿಯುತ್ತದೆ.